ಕಲಾವಿದರ ಹೃದಯಾಘಾತ

ಕರ್ಟನ್ ವಿಭಾಗದ ಸೇಲ್ಸ್‌ಮನ್‌ಗೆ ಬರುವ ಭಾನುವಾರ ಹೃದಯಾಘಾತವಾಗತಕ್ಕದ್ದು ಎಂದು ಅಂಗಡಿಯ ಯಜಮಾನರು ಎಲ್ಲರೆದುರು ಘೋಷಿಸಿದಾಗ, ಆ ಸೇಲ್ಸ್‌ಮನ್ ಮಹಾಶಯರಿಗಾದ ಸಂತೋಷ ಅಷ್ಟಿಷ್ಟಲ್ಲ. ಅಳತೆ ಟೇಪನ್ನು ಎದೆಗೊತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, "ನನ್ನ ಜೀವ ಇರೋವರೆಗೂ ಈ ಉಪಕಾರ ಮರೆಯಲ್ಲ ಸಾರ್" ಎಂದರು.

"ಜೀವ ಹೋಗಬಾರದು ಕಣ್ರೀ. ಬರೀ ಹಾರ್ಟ್ ಅಟ್ಯಾಕು. ಅದೂ ಸೋಫಾ ಮೇಲೆ. ಪ್ಲಾಸ್ಟಿಕ್ ಕವರ್ ಮಾತ್ರ ತೆಗೀಬೇಡಿ" ಎಂದರು ಯಜಮಾನರು.

ಸಂಗತಿ ಏನೆಂದರೆ, ಊರಿನ ಆಸ್ಪತ್ರೆಯವರು ದೊಡ್ಡ ದೊಡ್ಡ ಅಂಗಡಿಗಳಿಗೆ ಹೋಗಿ, ಹೃದಯಾಘಾತದ ಮುನ್ಸೂಚನೆಗಳು ಹೇಗಿರುತ್ತವೆ, ಆಗ ಸುತ್ತಲಿನವರು ಏನು ಮಾಡಬೇಕು ಎಂಬುದನ್ನು ಚಿಕ್ಕ ನಾಟಕ ಆಡಿ ತೋರಿಸುವ ಕಾರ್ಯಕ್ರಮ ಹಮ್ಮಿಕೊಂಡಿದ್ದರು. ಯಜಮಾನರದ್ದು ಸೋಫಾ, ಹಾಸಿಗೆ, ಕರ್ಟನ್ ಮಾರುವ ಮಳಿಗೆ. ಜನ ಸಂಸಾರ ಸಮೇತ ಬಂದು ಸೋಫಾ ಮೇಲೆ ಕೂತು ನಾಟಕ ನೋಡುತ್ತಾರೆ, ಒಮ್ಮೆ ಕೂತವರು ಆ ಸೋಫಾ ಬಿಟ್ಟು ಏಳಲಾರರು ಎಂಬ ಲೆಕ್ಕಾಚಾರದಲ್ಲಿ ಅವರು ಒಪ್ಪಿದ್ದರು. ರೋಗಿಯ ಪಾತ್ರಕ್ಕೆ ಒಬ್ಬರು ಬೇಕಾಗಿತ್ತು. ನಮ್ಮ ಸೇಲ್ಸ್‌ಮನ್ ಎರಡೂ ಕೈ ಎತ್ತಿದರು.

ಇವರನ್ನು ಅಂಗಡಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು 'ಕಲಾವಿದರು' ಎಂದೇ. ಬಹಳ ಹಿಂದೆ ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಅರಮನೆಯ ಬಾಗಿಲು ಕಾಯುವವನ ಪಾತ್ರ ಮಾಡಿದ್ದರು. ಮಾತಿರಲಿಲ್ಲ, ಈಟಿ ಇತ್ತು. ಆ ಈಟಿಯನ್ನು ತಾವು ಹಿಡಿದಿದ್ದ ರೀತಿಯನ್ನು ಅವರು ಇಂದಿಗೂ ಗಿರಾಕಿಗಳಿಗೆ ಕರ್ಟನ್ ಕಂಬಿ ಹಿಡಿದು ತೋರಿಸುತ್ತಿದ್ದರು. ಗಿರಾಕಿಗಳು ಕೆಲವೊಮ್ಮೆ ಕಂಬಿ ಕೊಳ್ಳುತ್ತಿದ್ದರು, ಮಾತು ಮುಗಿಯಲಿ ಎಂದು.

ಮೊದಲ ಅಭ್ಯಾಸಕ್ಕೆ ಆಸ್ಪತ್ರೆಯಿಂದ ಸಿಸ್ಟರ್ ಒಬ್ಬರು ಬಂದರು. ದಪ್ಪ ಕನ್ನಡಕ, ಕೋಣೆಯ ಆಚೆಗೂ ಕೇಳುವ ದನಿ. "ಹೂಂ, ನಿಮಗೆ ಈಗ ಹಾರ್ಟ್ ಅಟ್ಯಾಕ್ ಆಗ್ತಿದೆ. ಮಾಡಿ ನೋಡೋಣ" ಎಂದು ಕೈಕಟ್ಟಿ ನಿಂತರು.

ಕಲಾವಿದರು ಎಡಗೈಯಲ್ಲಿ ಎದೆ ಹಿಡಿದರು. ಬಲಗೈಯನ್ನು ಸೀಲಿಂಗ್ ಫ್ಯಾನಿನ ಕಡೆ ಎತ್ತಿದರು. "ಆಹ್!" ಎಂದು ಒಂದು ಸುತ್ತು ತಿರುಗಿದರು. ಅದು ಸಾಲದೆನಿಸಿ ಇನ್ನೊಂದು ಸುತ್ತು ತಿರುಗಿದರು. ಮಾದರಿಗೆಂದು ತೂಗುಹಾಕಿದ್ದ ಹಸಿರು ಕರ್ಟನ್ನನ್ನು ಹಿಡಿದು, ಕಂಬಿ ಸಮೇತ ಕಿತ್ತು, ಮೈಗೆ ಸುತ್ತಿಕೊಂಡು, ಇಲ್ಲದ ಮಗನಿಗೆ ತಂಗಿಯನ್ನು ಚೆನ್ನಾಗಿ ನೋಡಿಕೋ ಎಂದು ಹೇಳಿ, ಇಲ್ಲದ ಮಗಳ ತಲೆ ನೇವರಿಸಿ, ಮಂಡಿಯೂರಿ, ಕೊನೆಗೆ ಸೋಫಾದ ಗುರಿ ತಪ್ಪಿ ನೆಲಕ್ಕೆ ಬಿದ್ದರು.

"ಆಯ್ತಾ?" ಎಂದರು ಸಿಸ್ಟರ್.

"ಇನ್ನೂ ಸ್ವಲ್ಪ ಇದೆ. ಉಸಿರು ಹೋಗೋದು" ಎಂದರು ಕಲಾವಿದರು, ಕರ್ಟನ್ನಿನ ಒಳಗಿನಿಂದ.

"ಎದ್ದೇಳಿ ಎದ್ದೇಳಿ. ನಾನು ನೋಡಿರೋ ಹಾರ್ಟ್ ಅಟ್ಯಾಕಿಗೆ ಲೆಕ್ಕ ಇಲ್ಲ. ಹೀಗೆ ಮೈಗೆ ಕರ್ಟನ್ ಸುತ್ಕೊಂಡೋರು ಒಬ್ರೂ ಇಲ್ಲ."

ಆಮೇಲೆ ಸಿಸ್ಟರ್ ಕಲಾವಿದರನ್ನು ಸೋಫಾ ಮೇಲೆ ಕೂರಿಸಿ ಪಾಠ ಹೇಳಿದರು. ಎದೆಯ ನಡುವೆ ಏನೋ ಭಾರ ಹೇರಿದ ಹಾಗೆ, ಹಿಂಡಿದ ಹಾಗೆ ಆಗುತ್ತೆ. ಕೆಲವರಿಗೆ ಅದೂ ಜೋರಾಗಿ ಇರುವುದಿಲ್ಲ. ದವಡೆ ನೋಯುತ್ತೆ, ಭುಜ ಸೆಳೆಯುತ್ತೆ, ಬೆನ್ನು ಹಿಡಿದುಕೊಳ್ಳುತ್ತೆ, ಹೊಟ್ಟೆ ತೊಳೆಸುತ್ತೆ. ತಣ್ಣನೆಯ ಬೆವರು, ಏದುಸಿರು, ಕಾರಣವಿಲ್ಲದ ಸುಸ್ತು. "ಅದರಲ್ಲೂ ಹೆಂಗಸರಿಗೆ, ವಯಸ್ಸಾದವರಿಗೆ, ಶುಗರ್ ಇರೋರಿಗೆ ಹೀಗೆ ಸದ್ದಿಲ್ಲದೆ ಬರೋದು ಜಾಸ್ತಿ."

"ಸರಿ ಸಿಸ್ಟರ್. ಡೈಲಾಗು?"

"ಒಂದೇ ಒಂದು. 'ನನಗೇನೂ ಆಗಿಲ್ಲ.'"

"ಅಷ್ಟೇನಾ?"

"ಅಷ್ಟೇ. ಎಲ್ರೂ ಅದನ್ನೇ ಹೇಳೋದು. ಗ್ಯಾಸು, ಸೆಖೆ, ನಿದ್ದೆಗೆಟ್ಟಿದ್ದೆ ಅಂತ ಏನೋ ಒಂದು ನೆಪ ಹೇಳ್ಕೊಂಡು ಕೂತಿರ್ತಾರೆ. ಕೂತಷ್ಟು ಹೊತ್ತೂ ಹೃದಯ ಒಂದೊಂದು ಚೂರು ಸಾಯ್ತಾ ಇರುತ್ತೆ. ಬೇಗ ಬಂದ್ರೆ ಉಳಿಸಬಹುದು. ಜನಕ್ಕೆ ಗೊತ್ತಾಗಬೇಕಾದ್ದು ಇದೇ."

ಕಲಾವಿದರಿಗೆ ತುಂಬಾ ನಿರಾಸೆಯಾಯಿತು. ಕೂರಬೇಕು, ಬೆವರಬೇಕು, ಏನೂ ಆಗಿಲ್ಲ ಎನ್ನಬೇಕು. ಇದೂ ಒಂದು ಪಾತ್ರವೇ? ಅಷ್ಟರಲ್ಲಿ ಹಾಸಿಗೆ ವಿಭಾಗದವನು ಮುಂದೆ ಬಂದು, "ಸುಮ್ಮನೆ ಕೂರೋದೇ ಆದ್ರೆ ನಾನೇ ಮಾಡ್ತೀನಿ ಸಾರ್. ನಮ್ಮ ವಿಭಾಗದಲ್ಲಿ ಅದು ದಿನದ ಅಭ್ಯಾಸ" ಎಂದು ಯಜಮಾನರ ಕಡೆ ನೋಡಿದ. ತಕ್ಷಣ ಕಲಾವಿದರಿಗೆ ಆ ಪಾತ್ರದ ಆಳ ಕಾಣಿಸಿತು. "ಇದು ಸೂಕ್ಷ್ಮ ಅಭಿನಯ. ಎಲ್ರಿಂದ ಆಗೋ ಕೆಲಸ ಅಲ್ಲ" ಎಂದು ಸೋಫಾದ ಕೈ ಬಿಗಿಯಾಗಿ ಹಿಡಿದುಕೊಂಡರು.

ಮನೆಯಲ್ಲಿ ಅವರಿಗೆ ಇಬ್ಬರು ಪ್ರೇಕ್ಷಕರು. ಹೆಂಡತಿ ಶಾಲಾ ಮಕ್ಕಳ ಯೂನಿಫಾರಂ ಹೊಲಿಯುವವರು. ಸದಾ ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದರಿಂದ ಅವರ ವಿಮರ್ಶೆ 'ಉಂ' ಎಂಬುದನ್ನು ದಾಟುತ್ತಿರಲಿಲ್ಲ. ಅತ್ತೆಯವರ ಬಾಯಲ್ಲಿ ಪಿನ್ನು ಇರಲಿಲ್ಲ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ನಿವೃತ್ತರಾದವರು. ಬೇರೆಯವರ ಮಾತನ್ನು ನಡುವೆಯೇ ಕತ್ತರಿಸುವ ಅಧಿಕಾರ ಮಾತ್ರ ನಿವೃತ್ತಿಯ ನಂತರವೂ ತಮ್ಮದೇ ಎಂದು ನಂಬಿದ್ದರು.

ಕಲಾವಿದರು ಕುರ್ಚಿಯ ಮೇಲೆ ಕೂತು, ಹುಬ್ಬು ಗಂಟಿಕ್ಕಿ, ದವಡೆ ಹಿಡಿದು, "ನನಗೇನೂ..." ಎಂದು ಶುರುಮಾಡಿದರು.

"ಇದು ಹಾರ್ಟ್ ಅಟ್ಯಾಕ್ ಅಲ್ಲ ಅಳಿಯಂದ್ರೇ" ಎಂದರು ಅತ್ತೆ. "ಬಸ್ಸಿಳಿದ ಮೇಲೆ ಛತ್ರಿ ನೆನಪಾದ ಹಾಗಿದೆ."

"ಈಗ ನೋಡಿ ಅತ್ತೆ. ಒಳಗಿನ ನೋವು."

"ಇದು ಚಪ್ಪಲಿ ಕಚ್ಚಿದ ಹಾಗಿದೆ."

"ಇದು?"

"ಇದು ಸ್ವಲ್ಪ ವಾಸಿ. ಫೋಟೋ ತೆಗೆಯೋನು ಅಲ್ಲಾಡಬೇಡಿ ಅಂದ ಹಾಗಿದೆ. ನಿಮಗಿಂತ ನಾನೇ ಚೆನ್ನಾಗಿ ಮಾಡ್ತಿದ್ದೆ. ಎಕ್ಸ್‌ಚೇಂಜಲ್ಲಿ ಇದ್ದಾಗ ಎಷ್ಟು ಜನ ನಾಟಕಕ್ಕೆ ಬಾ ಅಂತ ಕರೆದಿದ್ರು ಗೊತ್ತಾ? ನಾನೇ ಹೋಗ್ಲಿಲ್ಲ."

ಹೆಂಡತಿ ಹೊಲಿಗೆ ಯಂತ್ರದ ಆಚೆಯಿಂದ "ಉಂ" ಎಂದರು. ಯಾರ ಪರವಾಗಿ ಎಂಬುದು ತಿಳಿಯಲಿಲ್ಲ.

ಛಲ ಬಂದು ಕಲಾವಿದರು ಹೊರಗಿನ ಜನರ ಮೇಲೆ ಪ್ರಯೋಗ ಮಾಡಲು ನಿರ್ಧರಿಸಿದರು. ಬೆವರೊಂದು ಸರಿಯಾಗಿ ಬರುತ್ತಿರಲಿಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಷರಟಿನ ಕಾಲರಿನ ಒಳಗೆ ಇಟ್ಟುಕೊಂಡು, ಕತ್ತು ಕುಗ್ಗಿಸಿದಾಗಲೆಲ್ಲ ನೀರು ಇಳಿಯುವ ಏರ್ಪಾಡು ಮಾಡಿಕೊಂಡರು. ಒಂದು ಸಂಜೆ ಮೆಟ್ಟಿಲ ಮೇಲೆ ದವಡೆ ಹಿಡಿದು ಕೂತರು. ಕೆಳಮನೆಯ ನಿವೃತ್ತ ಸ್ಟೇಷನ್ ಮಾಸ್ಟರ್ ಹೊರಗೆ ಬಂದರು.

"ಏನ್ರೀ, ಯಾಕ್ ಹೀಗೆ ಕೂತಿದ್ದೀರಿ?"

"ನನಗೇನೂ ಆಗಿಲ್ಲ" ಎಂದರು ಕಲಾವಿದರು, ಕತ್ತು ಕುಗ್ಗಿಸುತ್ತ.

"ಆಗಿಲ್ಲ ಅಂದ್ರೆ! ಮುಖದ ಮೇಲೆ ನೀರು ಇಳೀತಿದೆ!"

"ಸೆಖೆ."

"ದವಡೆ ಯಾಕೆ ಹಿಡ್ಕೊಂಡಿದ್ದೀರಿ?"

"ಸುಮ್ಮನೆ. ನನಗೇನೂ ಆಗಿಲ್ಲ. ನೀವು ಹೋಗಿ ಮಾಸ್ಟ್ರೇ. ನಿಮಗ್ಯಾಕೆ ತೊಂದರೆ?"

ಆ ಕೊನೆಯ ಮಾತಿನಲ್ಲಿ ಎಂಥ ತ್ಯಾಗ, ಎಂಥ ಸಂಯಮ ತುಂಬಿತ್ತೆಂದರೆ ಸ್ಟೇಷನ್ ಮಾಸ್ಟರ್ ಒಳಗೆ ಓಡಿ ತಮ್ಮ ಹಳೆಯ ಸೀಟಿ ತಂದು ಊದಿದರು. ಮೂರು ಮಹಡಿಯ ಬಾಗಿಲುಗಳೂ ತೆರೆದುಕೊಂಡವು. ಸೋಡಾ ಕುಡಿಸಿ ಎಂದರು ಒಬ್ಬರು. ಜೋರಾಗಿ ಕೆಮ್ಮಿಸಿ ಎಂದರು ಇನ್ನೊಬ್ಬರು. ನಾಲ್ಕು ಹೆಜ್ಜೆ ನಡೆಸಿ, ಗ್ಯಾಸ್ ಇಳಿಯುತ್ತೆ ಎಂದು ಮೂರನೆಯವರು ತೋಳು ಹಿಡಿದೆಳೆದರು. ಬೆನ್ನು ಗುದ್ದಬೇಕು ಎಂದವರು ಯಾರೆಂದು ಕಡೆಗೂ ಪತ್ತೆಯಾಗಲಿಲ್ಲ, ಗುದ್ದಂತೂ ಬಿತ್ತು. ಕೊನೆಗೆ ಕಲಾವಿದರನ್ನು ಊಟದ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹೊತ್ತು ಗೇಟಿನವರೆಗೆ ತಂದರು. ಕಲಾವಿದರು ಪರಮಾನಂದದಲ್ಲಿ ಕಣ್ಣು ಅರ್ಧ ಮುಚ್ಚಿ, ಯಾರಿಗೆ ಎಷ್ಟು ದುಃಖವಾಗಿದೆಯೆಂದು ಉಳಿದರ್ಧದಲ್ಲಿ ನೋಡಿಕೊಳ್ಳುತ್ತಿದ್ದರು. ಗೇಟಿನ ಹತ್ತಿರ ಕುರ್ಚಿ ಒಮ್ಮೆ ಕುಲುಕಿತು. ಕಾಲರಿನಿಂದ ಸ್ಪಂಜು ಪಚಕ್ಕೆಂದು ಸ್ಟೇಷನ್ ಮಾಸ್ಟರ ಪಾದದ ಮೇಲೆ ಬಿತ್ತು.

ಎಲ್ಲರೂ ಅದನ್ನೇ ನೋಡಿದರು.

"ಇದೇನು?" ಎಂದರು ಸ್ಟೇಷನ್ ಮಾಸ್ಟರ್.

"ಬೆವರು" ಎಂದರು ಕಲಾವಿದರು.

ಕುರ್ಚಿಯನ್ನು ಹೊತ್ತಿದ್ದವರು ಅದನ್ನು ಇಳಿಸಿದರು ಎನ್ನುವುದು ಸೌಜನ್ಯದ ಮಾತು. "ಇನ್ನು ಮೇಲೆ ನೀವು ನಿಜವಾಗ್ಲೂ ಬಿದ್ದಿದ್ರೂ ನಾನು ದಾಟ್ಕೊಂಡು ಹೋಗ್ತೀನಿ!" ಎಂದು ಸ್ಟೇಷನ್ ಮಾಸ್ಟರ್ ಬಾಗಿಲು ಹಾಕಿಕೊಂಡರು. ಕಲಾವಿದರು ಸೊಂಟ ನೀವುತ್ತ, ಆದರೆ ಗೆಲುವಿನಿಂದಲೇ, ಮೇಲೆ ಹೋದರು. ಜನ ನಂಬಿದ್ದರು!

ಮರುದಿನ ಅದೇ ಮೆಟ್ಟಿಲಲ್ಲಿ ಅತ್ತೆಯವರು ತರಕಾರಿ ಚೀಲ ಪಕ್ಕಕ್ಕಿಟ್ಟು, ಗೋಡೆಗೊರಗಿ ಕೂತಿದ್ದರು. "ಅತ್ತೆ, ಇದು ನನ್ನ ಅಭ್ಯಾಸದ ಜಾಗ" ಎಂದರು ಕಲಾವಿದರು. "ಚೀಲ ಭಾರ" ಎಂದಷ್ಟೇ ಹೇಳಿ ಅತ್ತೆ ಮೆಲ್ಲಗೆ ಎದ್ದರು. ಮುಂದಿನ ಒಂದೆರಡು ದಿನ ಅವರ ಟೀಕೆಗಳಿಗೂ ಹಿಂದಿನ ಖಾರ ಇರಲಿಲ್ಲ. ತಮ್ಮ ಅಭಿನಯ ಸುಧಾರಿಸಿದೆ ಎಂದು ಕಲಾವಿದರು ಅರ್ಥ ಮಾಡಿಕೊಂಡರು.

ಭಾನುವಾರ ಬಂತು. ಮಳಿಗೆಯ ಸೋಫಾಗಳನ್ನೆಲ್ಲ ಸಾಲಾಗಿ ಇಟ್ಟಿದ್ದರು. ಜನ ಬೆಲೆಯ ಚೀಟಿಗಳನ್ನು ಬದಿಗೆ ಸರಿಸಿ ಕೂತಿದ್ದರು. ಮುಂದಿನ ಸಾಲಿನ ಬೂದು ಬಣ್ಣದ ಸೋಫಾದಲ್ಲಿ ಅತ್ತೆ, ಪಕ್ಕದಲ್ಲಿ ಹೆಂಡತಿ. ಹಿಂದಿನ ಸಾಲಿನಲ್ಲಿ ಸ್ಟೇಷನ್ ಮಾಸ್ಟರ್, ಮೋಸವನ್ನು ಬಯಲಿಗೆಳೆಯಲೆಂದೇ ಬಂದವರಂತೆ. ಬಾಗಿಲ ಹೊರಗೆ ನಿಜವಾದ ಆಂಬುಲೆನ್ಸ್ ನಿಂತಿತ್ತು. ಅದರ ಇಬ್ಬರು ಸಿಬ್ಬಂದಿಗೆ ಸಿಸ್ಟರ್ ಮೊದಲೇ ಹೇಳಿಟ್ಟಿದ್ದರು: "ರೋಗಿ ಎಷ್ಟೇ ಬೇಡ ಬೇಡ ಅಂದ್ರೂ ಬಿಡಬೇಡಿ. ಎತ್ಕೊಂಡು ಹೋಗಿಬಿಡಿ. ಎಲ್ಲ ರೋಗಿಗಳೂ ಬೇಡ ಅಂತಾರೆ ಅಂತ ಜನಕ್ಕೆ ಗೊತ್ತಾಗ್ಲಿ."

ನಾಟಕ ಶುರುವಾಯಿತು. ಗಿರಾಕಿಯ ವೇಷದ ಕಲಾವಿದರು ಕರ್ಟನ್ ನೋಡುತ್ತ ನೋಡುತ್ತ ಸೋಫಾ ಮೇಲೆ ಕುಸಿದರು. ದವಡೆ ಹಿಡಿದರು. ಕತ್ತು ಕುಗ್ಗಿಸಿದರು. ಸ್ಪಂಜು ತನ್ನ ಕರ್ತವ್ಯ ಮಾಡಿತು. ಸಿಸ್ಟರ್ ಮೈಕು ಹಿಡಿದು, "ಗಮನಿಸಿ, ಬೆವರು, ಸುಸ್ತು" ಎಂದು ವಿವರಿಸತೊಡಗಿದರು.

ಎಂದಿನ ಅಭ್ಯಾಸದಂತೆ ಕಲಾವಿದರು ಅರೆಗಣ್ಣಲ್ಲಿ ಪ್ರೇಕ್ಷಕರ ಕಡೆ ನೋಡಿದರು. ಮೊದಲು ಕಂಡದ್ದು ಅತ್ತೆ. ಅತ್ತೆ ದವಡೆ ಹಿಡಿದುಕೊಂಡಿದ್ದರು.

ಅಣಕಿಸುತ್ತಿದ್ದಾರೆ! ಕಲಾವಿದರಿಗೆ ಪಿತ್ತ ನೆತ್ತಿಗೇರಿತು. ಇಷ್ಟು ಜನರ ಮುಂದೆ, ತಮ್ಮದೇ ಪಾತ್ರವನ್ನು ಎದುರಿಗೆ ಕೂತು ಮಾಡಿ ತೋರಿಸುವುದೆಂದರೇನು? ಅವರು ಸೇಡಿಗೆ ಬಿದ್ದವರಂತೆ ಒಂದು ಏದುಸಿರು ಬಿಟ್ಟರು. ಅತ್ತೆ ಅದಕ್ಕಿಂತ ಸಣ್ಣದೊಂದು ಉಸಿರು ಬಿಟ್ಟರು, ಅದು ಹೆಚ್ಚು ಸಹಜವಾಗಿತ್ತು. ಕಲಾವಿದರು ಭುಜ ನೀವಿದರು. ಅತ್ತೆಯ ಕೈ ಭುಜದಿಂದ ಬೆನ್ನಿಗೆ ಹೋಗಲು ತಡಕಾಡಿ ಮಡಿಲಿಗೆ ಬಿತ್ತು. ಹಣೆಯ ಮೇಲೆ ಬೆವರು ಮಣಿಮಣಿಯಾಗಿ ನಿಂತಿತ್ತು. ಎಲ್ಲಿ ಇಟ್ಟುಕೊಂಡಿದ್ದಾರೆ ಸ್ಪಂಜು? ಮುಖದ ಬಣ್ಣ ಸೋಫಾದ ಬಣ್ಣದಂತೆಯೇ ಆಗಿತ್ತು. ಬಣ್ಣ ಹೇಗೆ ಬದಲಾಯಿಸಿದರು?

ಆಗ ಕಲಾವಿದರಿಗೆ ಒಂದು ಸಂಗತಿ ಹೊಳೆಯಿತು. ತಾವು ನಟಿಸುವಾಗಲೆಲ್ಲ ಯಾರು ನೋಡುತ್ತಿದ್ದಾರೆ ಎಂದು ನೋಡುತ್ತಿದ್ದರು. ಅತ್ತೆ ಯಾರನ್ನೂ ನೋಡುತ್ತಿರಲಿಲ್ಲ.

"ಅತ್ತೆ!" ಎಂದು ಕಲಾವಿದರು ಎದ್ದು ನಿಂತರು.

"ಏಳಬೇಡಿ, ನಿಮಗೆ ಹಾರ್ಟ್ ಅಟ್ಯಾಕ್ ಆಗಿದೆ" ಎಂದರು, ನಾಟಕದಲ್ಲೂ ಯಜಮಾನರ ಪಾತ್ರವನ್ನೇ ಮಾಡುತ್ತಿದ್ದ ಯಜಮಾನರು, ತಮ್ಮ ಡೈಲಾಗನ್ನು ನೆನಪಿಸಿಕೊಂಡು.

"ನನಗೇನೂ ಆಗಿಲ್ಲ!" ಎಂದು ಕಿರುಚಿದರು ಕಲಾವಿದರು.

ಎಂಥ ಉತ್ಕಟತೆ! ಸಭೆ ಚಪ್ಪಾಳೆ ತಟ್ಟಿತು. "ನೋಡಿದ್ರಾ? ರೋಗಿಗಳು ಹೀಗೇ ಹೇಳೋದು" ಎಂದರು ಸಿಸ್ಟರ್ ಮೈಕಿನಲ್ಲಿ. ಆಂಬುಲೆನ್ಸಿನ ಇಬ್ಬರೂ ಓಡಿಬಂದು ಕಲಾವಿದರ ತೋಳು, ಕಾಲು ಹಿಡಿದು ಸ್ಟ್ರೆಚರಿನ ಮೇಲೆ ಒರಗಿಸಿ, ಬೆಲ್ಟು ಬಿಗಿದರು.

"ನನಗಲ್ಲ ಕಣ್ರಪ್ಪಾ! ನಮ್ಮ ಅತ್ತೆಗೆ ಆಗಿರೋದು!"

ಸಭೆ ಬಿದ್ದು ಬಿದ್ದು ನಕ್ಕಿತು. ಹಾಸಿಗೆ ವಿಭಾಗದವನು ಹೊಟ್ಟೆ ಹಿಡಿದುಕೊಂಡ. "ಕಾಲರ್ ನೋಡಿ, ಕಾಲರ್ ನೋಡಿ! ಒಳಗೆ ಸ್ಪಂಜಿದೆ!" ಎಂದು ಸ್ಟೇಷನ್ ಮಾಸ್ಟರ್ ಎದ್ದು ನಿಂತು ಕೂಗಿದರು. ಸ್ಟ್ರೆಚರ್ ಬಾಗಿಲ ಕಡೆ ಹೊರಟೇಬಿಟ್ಟಿತು. ಕಲಾವಿದರು ಒದ್ದಾಡಿ ಮಗ್ಗುಲಾದರು. ಬೆಲ್ಟು ಮಂಡಿಗೆ ಜಾರಿತು. ಅವರು ಸ್ಟ್ರೆಚರಿನಿಂದ ಉರುಳಿ, ಬೆಲ್ಟು ಸಮೇತ ಕುಪ್ಪಳಿಸುತ್ತ ಬಂದು, ಸಿಸ್ಟರ ಕೈಯಿಂದ ಮೈಕು ಕಿತ್ತುಕೊಂಡರು.

"ಸಿಸ್ಟರ್, ನಾನು ನಾಟಕ ನಿಲ್ಲಿಸ್ದೆ. ನೋಡಿ, ನಿಲ್ಲಿಸ್ದೆ." ಕಾಲರಿಗೆ ಕೈಹಾಕಿ ಸ್ಪಂಜು ತೆಗೆದು ನೆಲಕ್ಕೆಸೆದರು. "ಮುಂದಿನ ಸಾಲು. ಬೂದು ಸೋಫಾ. ದಯವಿಟ್ಟು ಒಂದ್ಸಲ ನೋಡಿ."

ಸಿಸ್ಟರ್ ನೋಡಿದರು. ಅವರ ಮುಖದ ನಗು ಅಳಿಸಿಹೋಯಿತು. ಎರಡೇ ಹೆಜ್ಜೆಯಲ್ಲಿ ಅತ್ತೆಯ ಪಕ್ಕ ಮಂಡಿಯೂರಿ ಮಣಿಕಟ್ಟು ಹಿಡಿದರು. "ಅಮ್ಮಾ, ಎಷ್ಟೊತ್ತಿಂದ ಹೀಗಾಗ್ತಿದೆ?"

"ಏನೂ ಇಲ್ಲಮ್ಮ" ಎಂದರು ಅತ್ತೆ. "ಬೆಳಿಗ್ಗೆ ತಿಂದದ್ದು ಅರಗಿಲ್ಲ. ನೀವು ನಾಟಕ ಮುಂದುವರಿಸಿ."

"ಆಂಬುಲೆನ್ಸಲ್ಲಿ ಇಸಿಜಿ ಮಿಷನ್ ಇದೆ. ಒಂದು ಸಲ ನೋಡಿಬಿಡೋಣ."

"ಇಷ್ಟು ಜನರ ಮುಂದೆ ನನ್ನನ್ನ ಮೂಟೆ ಹೊತ್ತ ಹಾಗೆ ಹೊತ್ಕೊಂಡು ಹೋಗೋದಾ? ನನಗೇನು ಕಾಲಿಲ್ವಾ? ನಡ್ಕೊಂಡು ಮನೆಗೆ ಹೋಗ್ತೀನಿ." ಅತ್ತೆ ಏಳಲು ನೋಡಿದರು. ನಡೆಯಬಾರದು ಎಂದು ಸಿಸ್ಟರ್ ಒತ್ತಿ ಕೂರಿಸಿದರು. ಅಮ್ಮಾ, ಅಮ್ಮಾ ಎಂದು ಮಗಳು ಅಳತೊಡಗಿದರು. ಅತ್ತೆ ಸೋಫಾದ ಎರಡೂ ಕೈಗಳನ್ನು ಹಿಡಿದು ಬಿಗಿಯಾಗಿ ಕೂತುಬಿಟ್ಟರು. ಆ ಹಿಡಿತ ಬಿಡಿಸುವುದು ಯಾರಿಂದಲೂ ಆಗುವಂತಿರಲಿಲ್ಲ. ಅವರ ಹಟ ಆ ಮನೆಯವರಿಗೆಲ್ಲ ಗೊತ್ತಿತ್ತು.

ಕಲಾವಿದರು ಕಾಲಿಗೆ ಸಿಕ್ಕಿದ ಬೆಲ್ಟಿನೊಂದಿಗೇ ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಅತ್ತೆ, ನೀವು ಹೇಳ್ತಿದ್ದದ್ದೇ ಸರಿ. ನನಗೆ ನಟನೆ ಬರಲ್ಲ."

ಅತ್ತೆ ತಲೆಯೆತ್ತಿದರು.

"ನೋಡಿದ್ರಲ್ಲ, ಎಲ್ರೂ ನಗ್ತಿದ್ದಾರೆ. ಯಾರೂ ನಂಬ್ತಿಲ್ಲ. ಯಜಮಾನ್ರ ಮರ್ಯಾದೆ ಪ್ರಶ್ನೆ. ಈ ಪಾತ್ರ ನೀವೇ ಮಾಡಿ. ಮಾಡಿ ತೋರಿಸಿಬಿಡಿ ಎಲ್ರಿಗೂ."

"ನಾನಾ?"

"ನಿಮ್ಮನ್ನ ಬಿಟ್ರೆ ಇಲ್ಲಿ ಯಾರಿಗೂ ಆಗಲ್ಲ."

ಅತ್ತೆ ಸಭೆಯತ್ತ ನೋಡಿದರು. ಸಭೆ ಅವರತ್ತ ನೋಡಿತು. ಸೋಫಾದ ಒಂದು ಕೈ ಬಿಟ್ಟು ಕೂದಲು ಸರಿಮಾಡಿಕೊಂಡರು. "ಏನು ಹೇಳಬೇಕು?" ಎಂದರು ಸಣ್ಣ ದನಿಯಲ್ಲಿ.

"ಹೇಳಬೇಕಾದ್ದು ಆಗ್ಲೇ ಹೇಳಿಬಿಟ್ರಿ ಅತ್ತೆ. ಅದ್ಭುತವಾಗಿ ಹೇಳಿದ್ರಿ. ಈಗ ಮಲ್ಕೊಂಡ್ರೆ ಸಾಕು."

"ಕಣ್ಣು ಮುಚ್ಚಬೇಕಾ?"

"ನಿಮ್ಮಿಷ್ಟ."

"ಅರ್ಧ ಮುಚ್ತೀನಿ" ಎಂದು ಅತ್ತೆ ಸೋಫಾದ ಇನ್ನೊಂದು ಕೈಯನ್ನೂ ಬಿಟ್ಟರು. ಸಿಬ್ಬಂದಿ ಇಬ್ಬರೂ ಅವರನ್ನು ಮೆಲ್ಲಗೆ ಎತ್ತಿ ಸ್ಟ್ರೆಚರಿನ ಮೇಲೆ ಮಲಗಿಸಿದರು. ಸಭೆಯಲ್ಲಿ ಯಾರೋ ಒಬ್ಬರು ಚಪ್ಪಾಳೆ ಶುರುಮಾಡಿದರು. ಇನ್ನೊಬ್ಬರು ಸೇರಿದರು. ಸ್ಟ್ರೆಚರ್ ಹಾಸಿಗೆ ವಿಭಾಗ ದಾಟುವ ಹೊತ್ತಿಗೆ ಇಡೀ ಮಳಿಗೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. "ಇದು ನೋಡಿ ಅಭಿನಯ ಅಂದ್ರೆ!" ಎಂದರು ಸ್ಟೇಷನ್ ಮಾಸ್ಟರ್, ಕಣ್ಣೊರೆಸಿಕೊಳ್ಳುತ್ತ. ಅಂಗಡಿಯ ಇತಿಹಾಸದಲ್ಲೇ ಅಂಥ ಸನ್ಮಾನ ಯಾರಿಗೂ ಸಿಕ್ಕಿರಲಿಲ್ಲ. ಕಲಾವಿದರು ಕಾಲಿನ ಬೆಲ್ಟನ್ನು ಬೂಟು ಸಮೇತ ಕಿತ್ತೆಸೆದು, ಹೆಂಡತಿಯ ಕೈ ಹಿಡಿದುಕೊಂಡು, ಒಂದು ಕಾಲಲ್ಲಿ ಬೂಟಿಲ್ಲದೆ ಸ್ಟ್ರೆಚರಿನ ಹಿಂದೆ ಓಡಿದರು.

ಆಂಬುಲೆನ್ಸಿನೊಳಗೆ ಸಿಸ್ಟರ್ ಅತ್ತೆಯ ಎದೆಗೆ ವೈರುಗಳನ್ನು ಅಂಟಿಸಿದರು. ಯಂತ್ರದಿಂದ ಕಾಗದ ಹೊರಬಂತು. ಸಿಸ್ಟರ್ ಅದನ್ನು ನೋಡಿ, ಡ್ರೈವರಿಗೆ ಹೋಗು ಎಂದು ಕೈಮಾಡಿ, ಅತ್ತೆಯ ಬಾಯಿಗೆ ಒಂದು ಮಾತ್ರೆ ಹಾಕಿ, ಅಗಿದು ನುಂಗಿ ಎಂದರು.

"ನಾಟಕ ಮುಗೀತಾ?" ಎಂದರು ಅತ್ತೆ.

"ಇನ್ನೂ ಇಲ್ಲ ಅಮ್ಮಾ. ಅಲ್ಲಾಡದೆ ಮಲ್ಕೊಂಡಿರಿ. ತುಂಬ ಚೆನ್ನಾಗಿ ಬರ್ತಿದೆ."

ಆಸ್ಪತ್ರೆಯಲ್ಲಿ ಅತ್ತೆಯನ್ನು ನೇರವಾಗಿ ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಗಂಡ ಹೆಂಡತಿ ಕೂತರು.

"ಒಂದು ವಾರದಿಂದ ಮನೇಲಿ ಬೇರೆ ಮಾತೇ ಇರಲಿಲ್ಲ ರೀ" ಎಂದರು ಹೆಂಡತಿ. "ದವಡೆ, ಬೆವರು, ಸುಸ್ತು ಅಂತ ನೀವು ದಿನಾ ಹೇಳ್ತಿದ್ರಿ. ಅಮ್ಮ ಮೆಟ್ಟಿಲ ಮೇಲೆ ಕೂತದ್ದನ್ನ ನೀವೂ ನೋಡಿದ್ರಿ, ನಾನೂ ನೋಡ್ದೆ. ಹಲ್ಲುನೋವು ಅಂದ್ರು, ನಾನು ಲವಂಗ ಕೊಟ್ಟೆ."

ಕಲಾವಿದರು ಹೆಂಡತಿಯ ರವಿಕೆಯ ತೋಳಿಗೆ ಚುಚ್ಚಿದ್ದ ಗುಂಡುಪಿನ್ನೊಂದನ್ನು ತೆಗೆದು, ಅದನ್ನು ಏನು ಮಾಡಬೇಕೆಂದು ತಿಳಿಯದೆ ಬೆರಳಲ್ಲಿ ಹಿಡಿದು ಕೂತರು.

ಕಡೆಗೊಮ್ಮೆ ಡಾಕ್ಟರ್ ಹೊರಗೆ ಬಂದರು. ಮುಚ್ಚಿಹೋಗಿದ್ದ ರಕ್ತನಾಳ ಬಿಡಿಸಿ ಸ್ಟೆಂಟ್ ಹಾಕಿದ್ದರು. "ಸರಿಯಾದ ಹೊತ್ತಿಗೆ ತಂದ್ರಿ. ಮನೆಗೆ ಹೋಗಿ ಮಲಗಿದ್ರೆ ಕಷ್ಟ ಇತ್ತು. ಬಿಪಿ ಮಾತ್ರೆ ಯಾವಾಗ ನಿಲ್ಲಿಸಿದ್ರಂತೆ?"

"ಅಮ್ಮಂಗೆ ಬಿಪಿ ಇತ್ತಾ?" ಎಂದರು ಹೆಂಡತಿ.

"ಇತ್ತಂತೆ. ತಲೆ ಸುತ್ತೋದು ನಿಂತ ಮೇಲೆ ಮಾತ್ರೆ ಯಾಕೆ ಅಂತ ಬಿಟ್ಟಿದ್ರಂತೆ. ಬಿಡಬಾರದು. ಈಗ ಬಿಟ್ರೆ ನಾನೇ ಮನೆಗೆ ಬರ್ತೀನಿ."

ಅತ್ತೆಯನ್ನು ವಾರ್ಡಿಗೆ ತಂದ ಮೇಲೆ ನೋಡಲು ಬರುವವರ ಸಾಲು ಶುರುವಾಯಿತು. ಹೆಚ್ಚಿನವರು ಬಂದದ್ದು ಅಭಿನಂದಿಸಲು. ಕಾಯಿಲೆ ನಿಜ ಎಂಬುದು ಅವರಿಗೆ ವಾರ್ಡಿಗೆ ಬಂದ ಮೇಲೇ ಗೊತ್ತಾಗುತ್ತಿತ್ತು. ಹಾಡಿ ಹೊಗಳಲು ತೆರೆದ ಬಾಯಿ ಹಾಗೇ ತೆರೆದುಕೊಂಡಿರುತ್ತಿತ್ತು. ಅತ್ತೆ ಮಾತ್ರ ದಿಂಬಿಗೊರಗಿ, ಡಾಕ್ಟರ್ ಹೇಳಿದ್ದನ್ನೆಲ್ಲ ತಾವೇ ಕಂಡುಹಿಡಿದವರಂತೆ ಎಲ್ಲರಿಗೂ ಹಂಚುತ್ತಿದ್ದರು. ಯಜಮಾನರು ಮೆಟ್ಟಿಲು ಹತ್ತಿ, ಮೇಲುಸಿರು ಬಿಡುತ್ತ, ಕರಿದ ತಿಂಡಿಯ ದೊಡ್ಡ ಡಬ್ಬಿ ಹಿಡಿದು ಬಂದರು.

"ಇದೇನು? ಎಣ್ಣೆ, ಉಪ್ಪು! ನನ್ನನ್ನ ಮತ್ತೆ ಒಳಗೆ ಕಳಿಸೋಕೆ ತಂದ್ರಾ?" ಎಂದರು ಅತ್ತೆ. "ಎಷ್ಟು ಮಹಡಿ ಹತ್ತಿದ್ರಿ?"

"ಒಂದೇ" ಎಂದರು ಯಜಮಾನರು ಏದುತ್ತ.

"ಒಂದಕ್ಕೇ ಹೀಗಾ? ಸಿಗರೇಟು?"

ಯಜಮಾನರು ಜೇಬಿನ ಮೇಲೆ ಕೈಯಿಟ್ಟುಕೊಂಡರು. ಅಷ್ಟರಲ್ಲಿ ವಾರ್ಡಿನ ನರ್ಸ್ ಅತ್ತೆಯ ಬಿಪಿ ನೋಡಲು ಯಂತ್ರ ತಳ್ಳಿಕೊಂಡು ಬಂದಳು. "ನನ್ನದು ಆಮೇಲೆ. ಮೊದಲು ಇವರದ್ದು ನೋಡಮ್ಮ" ಎಂದು ಅತ್ತೆ ಬೆರಳು ತೋರಿಸಿದರು. ರೋಗಿಯ ಮಾತು ಮೀರುವ ಧೈರ್ಯ ನರ್ಸಿಗೂ ಆಗಲಿಲ್ಲ, ಯಜಮಾನರಿಗೂ ಆಗಲಿಲ್ಲ. ಯಜಮಾನರ ಬಿಪಿ ಗೆರೆ ದಾಟಿತ್ತು. ಅವರು ಡಬ್ಬಿಯನ್ನು ಮೆಲ್ಲಗೆ ಮಂಚದ ಕೆಳಗೆ ಸರಿಸಿದರು. ನೋಡಲು ಬಂದಿದ್ದ ಸ್ಟೇಷನ್ ಮಾಸ್ಟರದು ಸರಿಯಾಗಿತ್ತು. "ಬೆಳಿಗ್ಗೆ ಬೆಳಿಗ್ಗೆ ವಾಕಿಂಗ್, ತಪ್ಪಿಸಿದವನಲ್ಲ" ಎಂದು ಅವರು ವಾರ್ಡಿನ ಎಲ್ಲ ಮಂಚಗಳಿಗೂ ಕೇಳುವಂತೆ ಹೇಳಿದರು.

"ಈಗ ಅಳಿಯಂದ್ರು" ಎಂದರು ಅತ್ತೆ.

"ನನಗ್ಯಾಕೆ ಅತ್ತೆ? ದಿನಾ ಏಣಿ ಹತ್ತಿ ಕರ್ಟನ್ ಕಟ್ಟೋನು ನಾನು."

"ಹಿಂದೆ ಯಾವಾಗ ನೋಡಿಸಿದ್ರಿ?" ಎಂದು ನರ್ಸ್ ಕೇಳಿದಳು.

ಕಲಾವಿದರು ಯೋಚಿಸಿದರು. ವಾರವಿಡೀ ರೋಗಿಯ ಪಾತ್ರ ಅಭ್ಯಾಸ ಮಾಡಿದ್ದರು. ಬದುಕಿನಲ್ಲಿ ಒಮ್ಮೆಯೂ ತೋಳಿಗೆ ಆ ಪಟ್ಟಿ ಸುತ್ತಿಸಿಕೊಂಡಿರಲಿಲ್ಲ. ತೋಳು ಚಾಚಿದರು. ಪಟ್ಟಿ ಉಬ್ಬಿತು, ಬಿಗಿಯಿತು, ಸುಯ್ಯೆಂದು ಇಳಿಯಿತು. ನರ್ಸ್ ಅಂಕಿ ನೋಡಿದಳು. ಕಲಾವಿದರನ್ನು ನೋಡಿದಳು. "ಆ ಕೈ ಕೊಡಿ" ಎಂದಳು.

"ಮಿಷನ್ ಸರಿಯಿಲ್ಲ" ಎಂದರು ಕಲಾವಿದರು.

ಇನ್ನೊಂದು ಕೈಯಲ್ಲೂ ಯಂತ್ರ ಸರಿಯಿರಲಿಲ್ಲ. ಯಜಮಾನರದಕ್ಕಿಂತಲೂ ಮೇಲೆ ತೋರಿಸುತ್ತಿತ್ತು.

ಯಾರೂ ನಗಲಿಲ್ಲ. ಕಲಾವಿದರು ತೋಳನ್ನು ಹಾಗೇ ಚಾಚಿಕೊಂಡು ನಿಂತಿದ್ದರು, ಇಳಿಸಬಹುದೆಂದು ಯಾರಾದರೂ ಹೇಳಲಿ ಎಂಬಂತೆ. ಸ್ಟೇಷನ್ ಮಾಸ್ಟರ್ ಮುಂದೆ ಬಂದು ಅವರ ಬೆನ್ನಿಗೆ ಕೈಯಿಟ್ಟರು. ಹೆಂಡತಿ, "ಡಾಕ್ಟರನ್ನ ಕರೀತೀನಿ" ಎಂದು ಹೊರಗೆ ನಡೆದರು.

ಅತ್ತೆ ಹೊದಿಕೆಯೊಳಗೆ ಕಾಲು ಮಡಚಿಕೊಂಡು, ಮಂಚದ ಕೊನೆಯಲ್ಲಿ ಜಾಗ ಬಿಟ್ಟರು.

"ಬನ್ನಿ, ಇಲ್ಲಿ ಕೂತ್ಕೊಳ್ಳಿ."

ಕಲಾವಿದರು ಕೂತರು.

"ಹೆದರ್ಕೋಬೇಡಿ. ಮಾತ್ರೆ ಕೊಡ್ತಾರೆ. ಇಬ್ರೂ ಒಟ್ಟಿಗೆ ತಗೊಳ್ಳೋಣ. ನೀವು ಮರೆತ್ರೆ ನಾನು ಬೈತೀನಿ, ನಾನು ಮರೆತ್ರೆ ನೀವು ಬೈರಿ."

"ನಾನಾ? ನಿಮಗಾ?" ಎಂದರು ಕಲಾವಿದರು. ಈ ಮನೆಗೆ ಅಳಿಯನಾಗಿ ಬಂದಂದಿನಿಂದ ಇಂಥ ದೊಡ್ಡ ಪದವಿ ಅವರಿಗೆ ಸಿಕ್ಕಿರಲಿಲ್ಲ. ಗಂಟಲು ಸರಿಮಾಡಿಕೊಂಡು ಕೇಳಿದರು: "ಜೋರಾಗಿ ಬೈಬಹುದಾ?"

"ಮೊದಲು ಬೈದು ತೋರಿಸಿ, ನೋಡೋಣ" ಎಂದರು ಅತ್ತೆ.